ಥೈರಾಯ್ಡ್ ಕ್ಯಾನ್ಸರ್ ಆದ ಮ್ಯಾಲೆ ಗುಳಿಗಿ, ನಡಿಗಿ, ರೊಟ್ಟಿ: ಧಾರವಾಡದ ಒಂದು ಪ್ರಕರಣ

ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಆದವ್ರು ಫಿಜಿಯೋಥೆರಪಿಗೆ ಅಂತ ಬರೋದು ನಮ್ಮ ಕಡೆ ಭಾಳ ಕಡಿಮಿ. ಮೊಣಕಾಲು, ಸೊಂಟ, ಲಕ್ವಾ ಇವಕ್ಕೆಲ್ಲ ಬರ್ತಾರ, ಆದ್ರ ಕುತ್ತಿಗ್ಯಾಗಿನ ಗಂಟು ತೆಗಿಸಿಕೊಂಡ ಮ್ಯಾಲೆ ಯಾವ ವ್ಯಾಯಾಮ ಮಾಡ್ಲಿ ಎಷ್ಟು ಮಾಡ್ಲಿ ಅಂತ ಕೇಳ್ಕೊಂಡು ಬರೋರು ಸಿಗೋದೇ ಇಲ್ಲ, ಗುಳಿಗಿ ತಗೋ, ಆರಾಮ್ ಮಾಡು, ಇಷ್ಟೇ ಎಲ್ಲಾರೂ ಹೇಳೋದು. ನಂಗ ಅದು ಸರಿ ಅನಸಂಗಿಲ್ಲ. ಅದಕ್ಕ ಈ ಒಂದು ಕೇಸು ಮೊದಲಿಂದ ಕಡೀತನಕ ಬರ್ಯಾಕತ್ತೀನಿ. ಪೇಷಂಟ್ ಒಪ್ಪಿಗಿ ಕೊಟ್ಟಾರ, ಗುರುತು ಸಿಗೋ ಅಂಥಾ ವಿಷಯ ಬಿಟ್ಟೀನಿ, ಹೆಸರು ಬರ್ಯಂಗಿಲ್ಲ, ಕ್ಲಿನಿಕ್‌ನ್ಯಾಗ ನಾವು ಅಕ್ಕಾರು ಅಂತ ಕರೀತೀವಿ, ಇಲ್ಲೂ ಹಂಗ ಕರೀತೀನಿ.

ಅಕ್ಕಾರಿಗೆ 44 ವಯಸ್ಸು, ಕೆಲಗೇರಿ ಕಡೆ ಮನಿ. ಮನ್ಯಾಗನ ಜೋಳದ ರೊಟ್ಟಿ ಬಡಿದು ಸಪ್ತಾಪುರದಾಗ ಕೋಚಿಂಗಿಗೆ ಬಂದ ಹುಡುಗ್ರ ಮೆಸ್ಸಿಗೆ, ಒಂದೆರಡು ಖಾನಾವಳಿಗೆ ಕೊಡ್ತಿದ್ರು, ಇನ್ನಿಬ್ರು ಹೆಣ್ಮಕ್ಕಳು ಕೈ ಜೋಡಸ್ತಿದ್ರು. ಮನಿಯವ್ರು ದಿನಾ ಚಿಗರಿ ಬಸ್ಸಿನ್ಯಾಗ ಹುಬ್ಬಳ್ಳಿಗೆ ಹೋಗಿ ಅಂಗಡ್ಯಾಗ ಕೆಲಸ ಮಾಡ್ತಾರ, ಮಗ ಇಂಜಿನಿಯರಿಂಗ್ ಓದ್ತಾನ, ಅತ್ತಿ ಅದಾರ. ಗಂಟು ಮೊದಲು ಕಂಡಿದ್ದು ಅತ್ತಿಯವ್ರಿಗೆ. ಅಕ್ಕಾರು ನೀರು ಕುಡಿಯುವಾಗ ಎದುರಿಗೆ ಕುಂತಿದ್ರಂತ, "ಏನವಾ ಅದು, ನುಂಗಿದಾಗೊಮ್ಮೆ ಕುತ್ತಿಗ್ಯಾಗ ಮ್ಯಾಲ ಕೆಳಗ ಆಡಾಕತ್ತೈತಿ" ಅಂದ್ರಂತ. ಥೈರಾಯ್ಡ್ ಗಂಟಿನ ಲಕ್ಷಣನ ಅದು, ಗ್ರಂಥಿ ಶ್ವಾಸನಾಳಕ್ಕ ಅಂಟಿಕೊಂಡಿರ್ತೈತಿ, ನುಂಗಿದಾಗ ಜೊತಿಗೆ ಏರಿ ಇಳೀತೈತಿ. ಸ್ಕ್ಯಾನ್ ಆತು, ಸೂಜಿ ಪರೀಕ್ಷೆ ಆತು, ಪ್ಯಾಪಿಲ್ಲರಿ ಅಂತ ಬಂತು. ಥೈರಾಯ್ಡ್ ಕ್ಯಾನ್ಸರಿನ್ಯಾಗ ಹತ್ತರಾಗ ಸುಮಾರು ಎಂಟು ಇದೇ ಜಾತೀವು, ನಿಧಾನಕ್ಕ ಬೆಳೀತೈತಿ, ಚಿಕಿತ್ಸಾ ಆದ್ರ ಬಹುತೇಕ ಮಂದಿ ಚೊಲೋ ಬದುಕ್ತಾರ. ಈ ಮಾತನ್ನ ಊರಾಗ ಎಲ್ಲಾರೂ ಕೇಳಿ ಬಂದು ಅಕ್ಕಾರಿಗೆ ಹೇಳಾವ್ರ, "ಅಯ್ಯ ಇದೇನ್ ದೊಡ್ಡದಲ್ಲ ಬಿಡ್ರಿ, ಇದ್ರಾಗ ಏನೂ ಆಗಂಗಿಲ್ಲ" ಅಂತ. ಸಮಾಧಾನಕ್ಕ ಹೇಳೋದು ಖರೇ, ಆದ್ರ ಕುತ್ತಿಗಿ ಕೊಯ್ಯಿಸಿಕೊಂಡು ರಾತ್ರಿ ನಿದ್ದಿ ಇಲ್ದೆ ಮಲಗಿದಾಕಿಗೆ ಅದು ಬಾಯಿ ಮುಚ್ಚಿಸಿದಂಗ ಆಗಿತ್ತು, ತ್ರಾಸ ಹೇಳ್ಕೊಂಡ್ರ ನಾಟಕ ಅಂತಾರೇನೋ ಅಂತ ಮನಿಯವ್ರ ಮುಂದೂ ಬಾಯಿ ಬಿಡ್ತಿರಲಿಲ್ಲ.

ಆಪರೇಷನ್‌ನ್ಯಾಗ ಪೂರ್ತಿ ಗ್ರಂಥಿ ತಗದಾರ, ಎಡಗಡೆ ಕುತ್ತಿಗ್ಯಾಗ ಲಿಂಫ್ ಗಂಟಿಗೂ ಹೋಗಿತ್ತು ಅಂತ ಆ ಕಡೀದೂ ತಗದಾರ. ಈ ಎಡಗಡೆ ಅನ್ನೋದು ಮುಂದ ಮುಖ್ಯ ಆಗ್ತೈತಿ. ಯಾಕಂದ್ರ ಆ ಗಂಟುಗಳ ನಡುವ ಹೆಗಲ ಎತ್ತೋ ಟ್ರಪೀಜಿಯಸ್ ಸ್ನಾಯುವಿಗೆ ಹೋಗೋ ನರ ಇರ್ತೈತಿ, ಸರ್ಜನ್ ಎಷ್ಟೇ ಜೋಪಾನ ಮಾಡಿದ್ರೂ ಅದು ಜಗ್ಗಿ, ತಿಂಗಳುಗಟ್ಟಲೆ ಸುಸ್ತಾಗಿ ಕೂಡ್ರಬಹುದು. ಇನ್ನ ಥೈರಾಯ್ಡ್ ಹಿಂದ ಕಾಳಿನಷ್ಟು ಸಣ್ಣ ನಾಕು ಪ್ಯಾರಾಥೈರಾಯ್ಡ್ ಗ್ರಂಥಿ ಇರ್ತಾವ, ರಕ್ತದಾಗಿನ ಕ್ಯಾಲ್ಸಿಯಂ ನೋಡ್ಕೊಳ್ಳೋವು, ಅವಕ್ಕೂ ಪೆಟ್ಟು ಬಿದ್ದಿತ್ತು, ಎರಡನೇ ದಿನಾನ ತುಟಿ ಸುತ್ತ ಜುಮು ಜುಮು, ಬೆರಳು ಸೆಟದಂಗ ಆಗಿ ಕ್ಯಾಲ್ಸಿಯಂ ಮತ್ತ ವಿಟಮಿನ್ ಡಿ ಗುಳಿಗಿ ಚಾಲೂ ಮಾಡ್ಯಾರ.

ನನ್ನ ಹಂತ್ಯಾಕ ಬಂದಿದ್ದು ಹೆಗಲ ಬ್ಯಾನಿ ಅಂತ. ಬಂದ ಹೊತ್ತು ಹೆಂಗಿತ್ತಂದ್ರ, ರೇಡಿಯೋ ಅಯೋಡಿನ್ (ಉಳಿದ ಥೈರಾಯ್ಡ್ ಕೋಶ ಸುಡಾಕ ಕೊಡೋ, ವಿಕಿರಣ ಸೂಸೋ ಅಯೋಡಿನ್) ಕೊಡೋದಿತ್ತು, ಅದಕ್ಕ ಥೈರಾಕ್ಸಿನ್ ಅನ್ನೋ ಥೈರಾಯ್ಡ್ ಹಾರ್ಮೋನಿನ ಗುಳಿಗಿ ಬಿಡಿಸಿ ಮೂರನೇ ವಾರ ನಡದಿತ್ತು. ಉಳಿದ ಥೈರಾಯ್ಡ್ ಜೀವಕೋಶ ಅಯೋಡಿನ್ ಚೊಲೋತ್ನಾಗ ಹೀರಬೇಕಂದ್ರ ಟಿಎಸ್‌ಎಚ್ (ಥೈರಾಯ್ಡಿಗೆ ಕೆಲಸ ಮಾಡು ಅಂತ ಪಿಟ್ಯುಟರಿ ಗ್ರಂಥಿ ಕಳಿಸೋ ಹಾರ್ಮೋನ್) 30ರ ಮ್ಯಾಲೆ ಏರಬೇಕು, ಅದು ಏರಾಕ ಗುಳಿಗಿ ಬಿಟ್ಟು ಮೂರ್ನಾಕು ವಾರ ಇರಬೇಕು, ಇಲ್ಲಾ ಅದಕ್ಕಂತ ಇರೋ ತುಟ್ಟಿ ಇಂಜೆಕ್ಷನ್ ತಗೋಬೇಕು, ಅದು ಎಲ್ಲಾರ ಕೈಗೆ ಎಟಕಂಗಿಲ್ಲ. ಹಂಗಾಗಿ ಅಕ್ಕಾರು ನನ್ನ ಮುಂದ ಕುಂತಾಗ ಮೈಯಾಗ ಥೈರಾಯ್ಡ್ ಹಾರ್ಮೋನ್ ಹೆಚ್ಚುಕಡಿಮಿ ಇಲ್ಲ ಅಂದಂಗ ಇತ್ತು. ಮುಖ ಉಬ್ಬಿತ್ತು, ಧ್ವನಿ ದಪ್ಪ ಆಗಿತ್ತು, ಬ್ಯಾಸಗಿ ದಿನದಾಗ ಶಾಲು ಹೊದ್ಕೊಂಡಿದ್ರು, ನಾಡಿ 56. ಒಂದ್ ಪ್ರಶ್ನೆ ಕೇಳಿದ್ರ ಉತ್ತರ ಬರಾಕ ಹೊತ್ತು ಹಿಡೀತಿತ್ತು. ಎಡಗೈ ಮುಂದ ಎತ್ತಿದ್ರ ಹೆಗಲಿನ ಮಟ್ಟಕ್ಕ ಬಂದು ನಿಂದ್ರತಿತ್ತು, ಹಿಂದಿನಿಂದ ನೋಡಿದ್ರ ಎಡ ಹೆಗಲು ಕೆಳಗ ಜೋತು ಬಿದ್ದಿತ್ತು, ಹಲಗಿ ಎಲುಬು ಸರಿದು ಹೊರಗ ನಿಂತಿತ್ತು. ದಣಿವು ಸೊನ್ನಿಯಿಂದ ಹತ್ತರಾಗ ಎಷ್ಟು ಅಂದ್ರ "ಎಂಟು ಅಂತ ಬರಕೋರಿ, ಒಂಬತ್ತು ಅಂದ್ರ ನೀವು ನಂಬಂಗಿಲ್ಲ" ಅಂದ್ರು.

ಜೊತಿಗೆ ಬಂದಿದ್ದ ಮಗ ಮೊಬೈಲ್ ತೋರಿಸಿದ, ದಿನಕ್ಕ 10,000 ಹೆಜ್ಜಿ ಅಂತ ಆಪ್ ಹಾಕಿದ್ದ, ಅಮ್ಮನ ತೂಕ ಏರಾಕತ್ತೈತಿ ನಡೀಲಿ ಅಂತ. ಹುಡುಗನ ಕಳಕಳಿ ಚೊಲೋದು. ಆದ್ರ ಈ 10,000 ಅನ್ನೋ ಸಂಖ್ಯಾ 1965ರ ಸುಮಾರಿಗೆ ಜಪಾನಿನ್ಯಾಗ ಹೆಜ್ಜಿ ಎಣಿಸೋ ಯಂತ್ರ ಮಾರಾಕ ಬಂದಾಗ ಪ್ರಚಾರಕ್ಕ ಬಂದಿದ್ದು, ಯಾವ ರೋಗಿಗೂ ಲೆಕ್ಕಾ ಹಾಕಿ ಕೊಟ್ಟಿದ್ದಲ್ಲ. ಹಾರ್ಮೋನ್ ಇಲ್ದ ಮೈಯಾಗ ಸ್ನಾಯು ನಿಧಾನಕ್ಕ ಕೆಲಸ ಮಾಡ್ತೈತಿ, ಸ್ವಲ್ಪ ಜೋರ್ ಮಾಡಿದ್ರ ಮಾಂಸಖಂಡ ಹಿಡಕೋತಾವ, ಹೃದಯನೂ ಬೇಕಾದಷ್ಟು ಜೋರಾಗಂಗಿಲ್ಲ. ಈ ಮೂರ್ನಾಕು ವಾರದಾಗ ಯಾರನ್ನೂ ಓಡಿಸಬಾರ್ದು ಅನ್ನೋದು ನನ್ನ ಖಚಿತ ಅಭಿಪ್ರಾಯ. ಹಂಗಂತ ಹಾಸಿಗಿ ಹಿಡಿದು ಮಲಗಿದ್ರ ಕಾಲಿನ ಬಲ ಪೂರ್ತಿ ಹೋಗ್ತೈತಿ. ಅದಕ್ಕ ಆಗ ಕೊಟ್ಟಿದ್ದು ಇಷ್ಟೇ: ಮನಿ ಒಳಗ ಐದೈದು ನಿಮಿಷ ಅಡ್ಯಾಡೋದು, ಮುಂಜಾನಿ ಮಧ್ಯಾಹ್ನ ಸಂಜಿಕೆ, ಎಡಗೈಯನ್ನ ಬಲಗೈಲೆ ಹಿಡಿದು ಮ್ಯಾಲೆತ್ತೋದು, ಎರಡೂ ಹಲಗಿ ಎಲುಬು ಹಿಂದ ಕೂಡಿಸಿ ಬಿಡೋದು, ಕುತ್ತಿಗಿ ನಿಧಾನಕ್ಕ ಎಡಬಲ ತಿರಿಗಿಸೋದು. ಗಾಡಿ ಹೊಡಿಯೋದು ಬ್ಯಾಡ ಅಂದೆ, ಯಾಕಂದ್ರ ಆ ಸ್ಥಿತಿಯಾಗ ಕಣ್ಣಿಗೆ ಕಂಡದ್ದು ತಲಿಗೆ ಹೋಗಾಕ ಹೊತ್ತು ಹಿಡೀತೈತಿ.

ಆ ಹೊತ್ತಿನ್ಯಾಗ, ಮುಂದ ಕೊಡೋ ಅಯೋಡಿನ್ ಚೊಲೋತ್ನಾಗ ಹೀರಲಿ ಅಂತ, ಊಟದ ಪಥ್ಯ ಬ್ಯಾರೆ. ಅಯೋಡಿನ್ ಇರೋ ಉಪ್ಪು, ಹಾಲು, ಮೊಸರು, ಬೇಕರಿ ಬ್ರೆಡ್ಡು, ತತ್ತಿ, ಸಮುದ್ರದ ಮೀನು ಯಾವುದೂ ಇಲ್ಲ. ಉಪ್ಪಿಲ್ದ ಜೋಳದ ರೊಟ್ಟಿ, ಅಯೋಡಿನ್ ಇಲ್ಲ ಅಂತ ಪಾಕೀಟ್ ಓದಿ ತಂದ ಉಪ್ಪಿನ್ಯಾಗ ಮನ್ಯಾಗನ ಕುಟ್ಟಿದ ಶೇಂಗಾ ಹಿಂಡಿ, ಬದನಿಕಾಯಿ ಪಲ್ಯ, ಹೆಸರುಬ್ಯಾಳಿ, ಇದ್ರ ಮ್ಯಾಲೆ ನಡೀತು. ನಮ್ಮ ಕಡೆ ಊಟಕ್ಕ ಈ ಪಥ್ಯ ಅಷ್ಟೇನೂ ಕಠಿಣ ಅಲ್ಲ, ಮೊಸರು ಬಿಡೋದೊಂದ ಜೀವಕ್ಕ ಬರ್ತೈತಿ. ಆಮ್ಯಾಲೆ ಬ್ಯಾರೆ ಊರಿನ ದವಾಖಾನ್ಯಾಗ ಅಯೋಡಿನ್ ಕೊಟ್ರು, ಒಬ್ರನ್ನ ಒಂದು ಖೋಲಿಯಾಗ ಇಟ್ರು, ಮನಿಗೆ ಬಂದ ಮ್ಯಾಲೂ ಅವ್ರು ಹೇಳಿದಷ್ಟು ದಿನ ಬ್ಯಾರೆ ಖೋಲಿ, ಬ್ಯಾರೆ ತಾಟು. ಈ ಅಯೋಡಿನ್ 131ರ ಅರ್ಧಾಯುಷ್ಯ 8 ದಿನ, ಅಂದ್ರ 8 ದಿನಕ್ಕೊಮ್ಮೆ ಅರ್ಧಾ ಆಗ್ತೈತಿ, ಜೊತಿಗೆ ಮೂತ್ರದಾಗೂ ಬೇಗ ಹೊರಗ ಹೋಗ್ತೈತಿ, ಅದಕ್ಕ ನೀರು ಭಾಳ ಕುಡೀರಿ ಅಂತಾರ. ಆ ದಿನಗಳಾಗ ಅಕ್ಕಾರು ಯಾರೂ ಇಲ್ದ ಹೊತ್ತು ನೋಡಿ ಮಾಳಿಗಿ ಮ್ಯಾಲೆ ಅಡ್ಯಾಡ್ಯಾರ, ಅದು ನಾ ಹೇಳಿದ್ದಲ್ಲ, ಖೋಲ್ಯಾಗ ಕುಂತು ಕುಂತು ಜೀವ ಒದ್ದಾಡಿ ತಾವ ಹುಡುಕಿಕೊಂಡಿದ್ದು.

ಥೈರಾಕ್ಸಿನ್ ಮತ್ತ ಚಾಲೂ ಆತು, 125 ಮೈಕ್ರೊಗ್ರಾಂ. ಮನಿ ಮಂದಿ ತಿಳಕೊಂಡಿದ್ದು ಗುಳಿಗಿ ಚಾಲೂ ಆತಂದ್ರ ಒಂದ್ ವಾರದಾಗ ಎದ್ದು ಕೂಡ್ರತಾಳ ಅಂತ. ಈ ಔಷಧದ ಅರ್ಧಾಯುಷ್ಯ ಸುಮಾರು 7 ದಿನ, ರಕ್ತದಾಗ ಒಂದು ಮಟ್ಟಕ್ಕ ಬರಾಕ ಐದಾರು ವಾರ ಬೇಕು, ಟಿಎಸ್‌ಎಚ್ ಪರೀಕ್ಷಾನ 6ರಿಂದ 8 ವಾರ ಬಿಟ್ಟು ಮಾಡಿಸೋದೂ ಅದಕ್ಕ. ಇದನ್ನ ಅತ್ತಿಯವ್ರನ್ನೂ ಕೂಡ್ರಿಸಿಕೊಂಡು ಹೇಳಿದೆ, ಯಾಕಂದ್ರ "ಗುಳಿಗಿ ತಗೊಂಡ್ರೂ ಮಲಗತಾಳ" ಅನ್ನೋ ಮಾತು ಆ ಮನ್ಯಾಗ ಶುರು ಆಗಿತ್ತು.

ವ್ಯಾಯಾಮ ಏರಿಸಿದ್ದು ಮೆಲ್ಲಕ. ಮೊದಲಿಗೆ ಕೆಲಗೇರಿ ಕೆರಿ ದಂಡಿ ಮ್ಯಾಲೆ ಹತ್ತು ನಿಮಿಷ, ದಿನಾ ಬಿಟ್ಟು ದಿನಾ, ಬಾಜೂ ಮನಿ ಹೆಣ್ಮಗಳೊಬ್ರನ್ನ ಜೊತಿ ಮಾಡಿಕೊಟ್ವಿ. ವೇಗದ ಲೆಕ್ಕ ಏನಂದ್ರ, ಮಾತಾಡಾಕ ಆಗಬೇಕು, ಹಾಡಾಕ ಆಗಬಾರ್ದು. ನಾಡಿ ಲೆಕ್ಕ ಹಿಡಿದು ಇಷ್ಟು ಏರಿಸ್ರಿ ಅಂತ ನಾ ಹೇಳಲಿಲ್ಲ, ಥೈರಾಯ್ಡ್ ಹಾರ್ಮೋನ್ ಏರಿದ್ರೂ ಇಳಿದ್ರೂ ನಾಡಿನೂ ಅದರ ಹಿಂದ ಏರಿ ಇಳೀತೈತಿ, ಆ ಲೆಕ್ಕ ಈ ಪೇಷಂಟ್‌ಗಳಿಗೆ ಕೂಡಿ ಬರಂಗಿಲ್ಲ. ಮನ್ಯಾಗ ಕುರ್ಚಿ ಮ್ಯಾಲಿಂದ ಕೈ ಊರದ ಎದ್ದು ಕೂಡ್ರೋದು, ಗ್ವಾಡಿಗೆ ಎರಡೂ ಕೈ ಹಚ್ಚಿ ಒತ್ತೋದು, ಎಡಗೈ ಬೆರಳು ಗ್ವಾಡಿ ಮ್ಯಾಲೆ ನಡಿಸಿಕೋತ ಏರಿಸೋದು. ಕೈ ಎಲ್ಲಿತನಕ ಏರ್ತು ಅಂತ ಅಡಗಿ ಮನಿ ಗ್ವಾಡಿ ಮ್ಯಾಲೆ ಪೆನ್ಸಿಲ್ಲಿಂದ ಗೀಟು ಹಾಕ್ತಿದ್ರು, ಬಾಜೂಕ ತಾರೀಖು. ಮುಂದೊಮ್ಮೆ ಮನಿಗೆ ಹೋದಾಗ ನೋಡ್ದೆ, ಗೀಟು ಡಬ್ಬಿ ಇಡೋ ಹಲಗಿ ತನಕ ಏರ್ಯಾವ, ನಡುವ ಎರಡು ವಾರ ಒಂದ ಕಡೆ ದಟ್ಟಾಗಿ ಬಿದ್ದಾವ, ಆಗ ಏನೇ ಮಾಡಿದ್ರೂ ಏರಿರಲಿಲ್ಲ.

ಈ ರೀತಿ ಯಾಕಂದ್ರ, ಕ್ಯಾನ್ಸರ್ ಆದವ್ರ ದಣಿವಿಗೆ ವ್ಯಾಯಾಮ ಕೆಲಸ ಮಾಡ್ತೈತಿ ಅನ್ನೋದಕ್ಕ ಈಗ ಗಟ್ಟಿ ಆಧಾರ ಐತಿ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2019ರಾಗ ಹೊರಗ ತಂದ ಸಲಹಾದಾಗ ವಾರಕ್ಕ ಮೂರು ಸಲ 30 ನಿಮಿಷದ ಮಧ್ಯಮ ನಡಿಗಿಯಂಥಾ ವ್ಯಾಯಾಮ, ಎರಡು ಸಲ ಸ್ನಾಯು ಬಲದ ವ್ಯಾಯಾಮ ಮಾಡಿದ್ರ ದಣಿವು, ಆತಂಕ, ಖಿನ್ನತೆ ಕಡಿಮಿ ಆಗ್ತಾವ ಅಂತ ಐತಿ. ಕೊರಿಯಾದಾಗ ಥೈರಾಯ್ಡ್ ಕ್ಯಾನ್ಸರ್ ಆಗಿ ಇದೇ ಗುಳಿಗಿ ಮ್ಯಾಲೆ ಇರೋ ಮಂದಿಗೆ 12 ವಾರ ಮನ್ಯಾಗನ ವ್ಯಾಯಾಮ ಮಾಡಿಸಿ ನೋಡ್ಯಾರ, ಅವ್ರಿಗೂ ದಣಿವು ಆತಂಕ ಎರಡೂ ಇಳಿದಿದ್ವು. ಆದ್ರ ವ್ಯಾಯಾಮದ ಚೀಟಿ ಒಂದ ಕೊಟ್ಟು ಗುಳಿಗಿ ಕಡೆ ನೋಡದಿದ್ರ ಏನಾಗ್ತೈತಿ ಅನ್ನೋದು ಮುಂದ ಗೊತ್ತಾಗ್ತೈತಿ.

ಅದಕ್ಕೂ ಮೊದಲು ಒಂದು ಮಾತು. ಅಕ್ಕಾರಿಗೆ ಯಾರೋ ವಿಡಿಯೋ ಕಳಿಸಿ ಸರ್ವಾಂಗಾಸನ ಮಾಡ್ರಿ, ಥೈರಾಯ್ಡಿಗೆ ರಕ್ತ ಹರಿದು ಅದು ಮತ್ತ ಚಾಲೂ ಆಗ್ತೈತಿ, ಗುಳಿಗಿ ಬಿಡಬಹುದು ಅಂತ ಹೇಳಿದ್ರು. ಗ್ರಂಥಿನೇ ತಗದ ಮ್ಯಾಲೆ ಚಾಲೂ ಆಗೋದು ಏನು? ಮತ್ತ ಇಡೀ ಮೈಭಾರ ಆಪರೇಷನ್ ಆದ ಕುತ್ತಿಗಿ, ನರ ಸೋತ ಹೆಗಲ ಮ್ಯಾಲೆ ಹಾಕೋದಂದ್ರ ಅಪಾಯ. ಯೋಗಕ್ಕ ನನ್ನ ವಿರೋಧ ಏನೂ ಇಲ್ಲ, ಉಸಿರಾಟ, ತಾಡಾಸನ, ಶವಾಸನ ನಾನ ಮಾಡಿಸೀನಿ. ಆದ್ರ ಥೈರಾಕ್ಸಿನ್ ಗುಳಿಗಿ ಬಿಡ್ರಿ ಅಂತ ಯಾರ ಹೇಳಿದ್ರೂ, ದಯವಿಟ್ಟು ಅಲ್ಲೇ ಎದ್ದು ಬರ್ರಿ. ಪೂರ್ತಿ ಗ್ರಂಥಿ ತಗದವ್ರಿಗೆ ಅದು ಜೀವನಪೂರ್ತಿ ಬೇಕು.

ಈಗ ಗುಳಿಗಿ ಸುದ್ದಿ. ಆರು ವಾರ ಆದ ಮ್ಯಾಲಿನ ಪರೀಕ್ಷಾದಾಗ ಟಿಎಸ್‌ಎಚ್ 11 ಬಂತು. ಇವ್ರಂಥಾ ಪೇಷಂಟ್‌ಗೆ ಅದನ್ನ 0.1ರಿಂದ 0.5ರ ನಡುವ ಇಡಬೇಕು ಅಂತ ಡಾಕ್ಟರ್ ಬರದಿದ್ರು, ಉಳಿದ ಕ್ಯಾನ್ಸರ್ ಕೋಶ ಏನರ ಇದ್ರ ಟಿಎಸ್‌ಎಚ್ ಅದಕ್ಕ ಕುಮ್ಮಕ್ಕು ಕೊಡಬಾರ್ದು ಅಂತ. ಇಲ್ಲಿ ನೋಡಿದ್ರ ಅದು ಬೇಕಾದಷ್ಟು ಇಳಿದೇ ಇಲ್ಲ, ಡೋಸ್ 150ಕ್ಕ ಏರಿಸಿದ್ರು. ನಡಿಗಿನೂ ಹದಿನೈದು ನಿಮಿಷ ದಾಟ್ತಿರಲಿಲ್ಲ, ಗೀಟು ದಟ್ಟಾಗಿ ಬಿದ್ದದ್ದೂ ಆವಾಗನ. ನಾ ದಿನಚರಿ ಕೇಳಾಕ ಶುರು ಮಾಡಿದೆ, ಎಷ್ಟಕ್ಕ ಏಳ್ತೀರಿ, ಎದ್ದು ಏನ್ ಮಾಡ್ತೀರಿ. ನಸುಕಿನ್ಯಾಗ ನಾಕೂವರಿಗೆ ಏಳೋದು, ಒಲಿ ಹಚ್ಚೋದು, ಒಂದ್ ಕಪ್ ಗಟ್ಟಿ ಹಾಲಿನ ಚಹಾ, ಅದ್ರ ಜೊತಿ ಥೈರಾಕ್ಸಿನ್ ಮತ್ತ ಕ್ಯಾಲ್ಸಿಯಂ ಎರಡೂ ಗುಳಿಗಿ ಒಂದ ಸಲ ನುಂಗೋದು, ಮರೀಬಾರ್ದು ಅಂತ! ಕ್ಯಾಲ್ಸಿಯಂ ಹೊಟ್ಟ್ಯಾಗ ಥೈರಾಕ್ಸಿನ್ ಹಿಡಕೊಂಡು ರಕ್ತಕ್ಕ ಹೋಗಾಕ ಬಿಡಂಗಿಲ್ಲ, ಕಬ್ಬಿಣದ ಗುಳಿಗಿನೂ ಹಂಗ. ಥೈರಾಕ್ಸಿನ್ ಬರೇ ನೀರಿನ್ಯಾಗ, ಖಾಲಿ ಹೊಟ್ಟ್ಯಾಗ, ಚಹಾ ನಾಷ್ಟಾಕ್ಕಿಂತ ಅರ್ಧಾ ತಾಸರ ಮೊದಲು, ಸಾಧ್ಯ ಆದ್ರ ಒಂದ್ ತಾಸು, ಮತ್ತ ಕ್ಯಾಲ್ಸಿಯಂ ಅದಕ್ಕ ನಾಕು ತಾಸು ದೂರ. ಇದನ್ನ ಡಿಸ್ಚಾರ್ಜ್ ಆಗುವಾಗ ಯಾರರ ಒಂದ್ ನಿಮಿಷ ನಿಂತು ಹೇಳಿದ್ರ ಇಷ್ಟು ತಿಂಗಳ ಸುಸ್ತು ಉಳೀತಿತ್ತು, ನಂಗ ಇದು ಭಾಳ ಬ್ಯಾಸರ ಆತು.

ಗುಳಿಗಿ ಬ್ಯಾರೆ ಮಾಡಿಸಿ, ಈ ವಿಷಯ ಡಾಕ್ಟರ್‌ಗೆ ಹೇಳ್ರಿ, ಡೋಸ್ ಮತ್ತ ನೋಡ್ಬೇಕಾಗ್ತೈತಿ ಅಂತ ಚೀಟಿ ಬರದು ಕೊಟ್ಟೆ. ಚೀಟಿ ಪರ್ಸಿನ್ಯಾಗನ ಉಳೀತು, ಮುಂದಿನ ತಾರೀಖಿಗೆ ಹೋದ್ರಾತು ಅಂದ್ಕೊಂಡ್ರು. ಕ್ಯಾಲ್ಸಿಯಂ ಮಧ್ಯಾಹ್ನಕ್ಕ ಹೋತು, ಆ ಹೊತ್ತಿಗೆ ಮೆಸ್ಸಿನ ಡಬ್ಬಿ ಕಟ್ಟೋ ಗಡಿಬಿಡಿ, ಎರಡ್ ಮೂರು ದಿನ ತಪ್ಪಿಸಿದ್ರು, ಕೆರಿ ದಂಡ್ಯಾಗ ನಡ್ಯಾಕತ್ತಾಗ ತುಟಿ ಬೆರಳು ಮತ್ತ ಜುಮು ಜುಮು. ಜೊತಿಗೆ ಇದ್ದಾಕಿ ನಡದು ಸಾಕಾಗಿರಬೇಕು ಅಂದ್ಲಂತ. ಹಂಗ ಅನ್ಕೊಂಡು ಬಿಡೋದು ಅಪಾಯ, ಕ್ಯಾಲ್ಸಿಯಂ ಪೂರ್ತಿ ಇಳಿದ್ರ ಕೈ ಸೆಟೀತಾವ, ಉಸಿರಿಗೂ ಹೃದಯಕ್ಕೂ ತ್ರಾಸ ಆಗ್ತೈತಿ, ಆವಾಗ ಸೀದಾ ದವಾಖಾನಿಗೆ ಹೋಗ್ಬೇಕು. ಮಗ ಮೊಬೈಲ್‌ನ್ಯಾಗ ಅಲಾರಂ ಹಚ್ಚಿಕೊಟ್ಟ, ಆಮ್ಯಾಲೆ ತಪ್ಪಲಿಲ್ಲ.

ಇನ್ನ ಈ ಕೇಸಿನ್ಯಾಗ ನಂಗ ಎಲ್ಲಾಕ್ಕಿಂತ ದೊಡ್ಡದು ಅನಿಸಿದ್ದು ಒಂದು ನೋಟ್‌ಬುಕ್ಕು. ನಡಿಗಿ ನಿಮಿಷದ ಜೊತಿಗೆ, ಎದ್ದ ಕೂಡಲೇ ಹಾಸಿಗ್ಯಾಗನ ಕುಂತು ನಾಡಿ ಎಣಿಸಿ ಬರೀರಿ ಅಂತ ಹೇಳಿದ್ದೆ. ಮೊದಮೊದಲು 70, 72, 74. ಗುಳಿಗಿ ಬ್ಯಾರೆ ಮಾಡಿದ ಮ್ಯಾಲೆ ಹುರುಪು ಬಂತು, ನಡಿಗಿ ಅರ್ಧಾ ತಾಸಿಗೆ ಏರ್ತು, ಎಲ್ಲಾರೂ ಖುಷಿ. ಆದ್ರ ನೋಟ್‌ಬುಕ್ಕಿನ್ಯಾಗ ನಾಡಿ 80, 86, ಆಮ್ಯಾಲೆ 98. ರಾತ್ರಿ ನಿದ್ದಿ ಇಲ್ಲ, ಕೈ ನಡಗತಾವ, ಎದಿ ಡವಡವ, ಕುರ್ಚಿಯಿಂದ ಏಳಾಕ ತೊಡಿ ಮತ್ತ ಸೋಲಾಕತ್ತಾವ. ಮನಿಯವ್ರು ಅಂದಿದ್ದು ವ್ಯಾಯಾಮ ಜಾಸ್ತಿ ಆತು, ಬಿಡಿಸಿಬಿಡ್ರಿ ಅಂತ. ನಡಿಗಿ ಹತ್ತು ನಿಮಿಷಕ್ಕ ಇಳಿಸಿ, ತಡಾ ಮಾಡದ ನೋಟ್‌ಬುಕ್ ತಗೊಂಡು ಡಾಕ್ಟರ್ ಕಡೆ ಹೋಗ್ರಿ ಅಂದೆ. ಇಸಿಜಿ ಮಾಡಿದ್ರು, ಅದು ಸರಿ ಇತ್ತು, ಟಿಎಸ್‌ಎಚ್ 0.02. ಮೊದಲು ಹೊಟ್ಟ್ಯಾಗನ ಸಿಕ್ಕಿ ಬೀಳ್ತಿದ್ದ ಗುಳಿಗಿ ಈಗ ಪೂರ್ತಿ ರಕ್ತಕ್ಕ ಹೋಗಾಕತ್ತಿತ್ತು, ಅದೂ ಏರಿಸಿದ ಡೋಸು. ಮತ್ತ 125ಕ್ಕ ಇಳಿಸಿದ್ರು. ಮುಂದಿನ ಪರೀಕ್ಷಾ ತಾರೀಖು ಇನ್ನೂ ದೂರ ಇತ್ತು, ಅಲ್ಲಿತನಕ ಹಂಗ ಬಿಟ್ಟಿದ್ರ ಹೃದಯದ ಬಡಿತ ತಪ್ಪೋದು, ಎಲುಬು ಸವಿಯೋದು ಇವೆಲ್ಲ ಬರೋ ದಾರಿ ಅದು. ಸ್ನಾಯು ಕರಗೋದಂತೂ ಶುರು ಆಗಿತ್ತು, ತೊಡಿ ಸೋತದ್ದು ಅದಕ್ಕ. ನಡಿಗಿ ಬರಿಯೋ ಪುಸ್ತಕದಾಗ ಎರಡು ಅಂಕಿ ಹೆಚ್ಚಿಗಿ ಬರ್ಯೋದ್ರಿಂದ ಇಷ್ಟು ಕೆಲಸ ಆತು. ಥೈರಾಯ್ಡ್ ಕ್ಯಾನ್ಸರ್ ಪೇಷಂಟ್‌ಗೆ ನಡೀರಿ ಅಂತ ಹೇಳೋ ಪ್ರತಿಯೊಬ್ಬ ಫಿಜಿಯೋನೂ ಗುಳಿಗಿ ಯಾವಾಗ, ಯಾವುದ್ರ ಜೊತಿ, ಮುಂಜಾನಿ ನಾಡಿ ಎಷ್ಟು ಅಂತ ಕೇಳಲೇಬೇಕು, ಡೋಸ್ ಏರಿಸೋದು ಇಳಿಸೋದು ನಮ್ಮ ಕೆಲಸ ಅಲ್ಲ, ಆದ್ರ ಕೇಳೋದು ನಮ್ಮ ಕೆಲಸ.

ಮನಸ್ಸಿನ ಸುದ್ದಿ ಅಕ್ಕಾರು ಕ್ಲಿನಿಕ್‌ನ್ಯಾಗ ಎಂದೂ ಹೇಳಲಿಲ್ಲ. ನಡಿಯುವಾಗ ಬಾಜೂ ಮನಿ ಹೆಣ್ಮಗಳ ಮುಂದ ಹೇಳ್ಯಾರ, ಅದನ್ನ ಆಮ್ಯಾಲೆ ಇಬ್ರೂ ಕೂಡಿ ನಂಗ ಹೇಳಿದ್ರು. ಕುತ್ತಿಗಿ ಗಾಯದ ಗೆರಿ ಕಾಣಬಾರ್ದು ಅಂತ ಸೆರಗು ಸುತ್ತಕೊಂಡು ಅಡ್ಯಾಡೋದು, ಥೈರೊಗ್ಲೊಬುಲಿನ್ ಪರೀಕ್ಷಾ (ಕ್ಯಾನ್ಸರ್ ಮತ್ತ ಬಂದೈತೇನು ಅಂತ ನೋಡೋ ರಕ್ತ ಪರೀಕ್ಷಾ) ಹತ್ರ ಬಂತಂದ್ರ ಊಟ ಸೇರದ ಇರೋದು, ಮಗನ ಓದು ಮುಗಿಯೋತನಕ ಇರ್ತೀನೋ ಇಲ್ಲೋ ಅನ್ನೋ ಹೆದರಿಕಿ. ಎದುರಾಬದುರಾ ಕುಂತು ಕೇಳಿದ್ರ ಬರದಿದ್ದ ಮಾತು ಬಾಜೂ ಬಾಜೂಕ ನಡಿಯುವಾಗ ಬಂದಾವ. ಆತಂಕ ಕಡಿಮಿ ಮಾಡೋದ್ರಾಗ ನಡಿಗಿ ಪಾಲೆಷ್ಟು, ಆ ಗೆಳತಿ ಪಾಲೆಷ್ಟು ಅಂತ ನಾ ಬ್ಯಾರೆ ಮಾಡಿ ಹೇಳಾಕ ಹೋಗಂಗಿಲ್ಲ, ಎರಡೂ ಬೇಕಿದ್ವು.

ರೊಟ್ಟಿ ಕೆಲಸಕ್ಕ ಬರೋಣು. "ದಿನಾ ಇಷ್ಟು ರೊಟ್ಟಿ ಬಡಿತೀನಲ್ರೀ, ಇದಕ್ಕಿಂತ ವ್ಯಾಯಾಮ ಬೇಕೇನು" ಅಂತ ಮೊದಲೇ ಕೇಳಿದ್ರು, ಭಾಳ ಹೆಣ್ಮಕ್ಕಳು ಕೇಳೋ ಪ್ರಶ್ನಿ, ನ್ಯಾಯದ ಪ್ರಶ್ನಿ. ಕೆಲಸ ಖರೇ, ಮೈಮುರಿಯೋ ಕೆಲಸ. ಆದ್ರ ನೆಲದ ಮ್ಯಾಲೆ ಕುಂತು ಕುತ್ತಿಗಿ ಬಗ್ಗಿಸಿ, ಅದೇ ಕೈ ಅದೇ ಹೆಗಲು ಹೊಡೀತಾವ, ಕಾಲು ಮಡಚಿಕೊಂಡ ಇರ್ತಾವ, ತೊಡಿಗೂ ಹೃದಯಕ್ಕೂ ಬೇಕಾದ ವ್ಯಾಯಾಮ ಅದ್ರಾಗ ಸಿಗಂಗಿಲ್ಲ. ಅದಕ್ಕ ಒಲಿ ಮತ್ತ ರೊಟ್ಟಿ ಬಡಿಯೋ ಕಲ್ಲು ಎರಡೂ ಕಟ್ಟಿ ಮ್ಯಾಲೆ, ಸೊಂಟದ ಮಟ್ಟಕ್ಕ ಏರಿಸಿದ್ವಿ, ನಿಂತು ಬಡಿಯೋ ಹಂಗ. ನಿಂತ್ರ ಕೈಗೆ ಬಡಿತ ಕೂಡಂಗಿಲ್ಲ, ರೊಟ್ಟಿ ಅಂಚು ಒಡೀತೈತಿ ಅಂತ ಒಂದ್ ವಾರ ಜಗಳಾನ ಆಡಿದ್ರು ನನ್ ಜೋಡಿ, ಆಮ್ಯಾಲೆ ಕೈ ಕೂಡ್ತು. ಹಿಟ್ಟು ನಾದೋದು ಮತ್ತ ಚೀಲ ಎತ್ತೋದು ಇನ್ನಿಬ್ರಿಗೆ ಹೋತು. ಇಪ್ಪತ್ತು ರೊಟ್ಟಿಯಿಂದ ಶುರು ಮಾಡಿ, ಹೆಗಲ ನೋವು ಮರುದಿನ ಮುಂಜಾನಿಗೂ ಉಳೀತಂದ್ರ ಏರಿಸೋದಿಲ್ಲ, ನೋವು ಹೋಗಿತ್ತಂದ್ರ ಹತ್ತು ಹೆಚ್ಚಿಗಿ. ರೊಟ್ಟಿ ಜಾಸ್ತಿ ಇದ್ದ ದಿನ, ಬಲಕ್ಕಂತ ಮಾಡೋ ನೀರಿನ ಬಾಟಲಿ ಎತ್ತೋ ವ್ಯಾಯಾಮ ಬಿಡೋದು, ನಡಿಗಿ ಬಿಡಂಗಿಲ್ಲ.

ಈಗ ಆಪರೇಷನ್ ಆಗಿ ವರ್ಷ ಹತ್ರ ಬಂತು. ವಾರಕ್ಕ ಐದು ದಿನ ಮೂವತ್ತೈದು ನಿಮಿಷ ನಡೀತಾರ, ಅಂದ್ರ ವಿಶ್ವ ಆರೋಗ್ಯ ಸಂಸ್ಥೆ 2020ರಾಗ ಹೇಳಿದ ವಾರಕ್ಕ 150ರಿಂದ 300 ನಿಮಿಷದ ಒಳಗ ಬರ್ತಾರ. ದಣಿವು ಮೂರಕ್ಕ ಇಳಿದೈತಿ, ಸೊನ್ನಿ ಆಗಿಲ್ಲ, ಮಧ್ಯಾಹ್ನ ಅರ್ಧಾ ತಾಸು ಅಡ್ಡಾಗಲೇಬೇಕು. ಏರಿದ ತೂಕ ಪೂರ್ತಿ ಇಳಿದಿಲ್ಲ. ಅಯೋಡಿನ್ ತಗೊಂಡಾಗಿಂದ ಬಾಯಿ ಒಣಗೋದು ಹಂಗ ಐತಿ, ಒಣರೊಟ್ಟಿ ಸಾರಿನ್ಯಾಗ ನೆನಿಸಿಕೊಂಡ ತಿಂತಾರ, ನಡಿಯಾಕ ಹೋದ್ರ ನೀರಿನ ಬಾಟಲಿ ಬೇಕ ಬೇಕು. ಎಡಗೈ ತಲಿ ಮ್ಯಾಲಿನ ತನಕ ಹೋಗ್ತೈತಿ, ಥಂಡಿ ದಿನ ಹೆಗಲು ಜಗ್ಗತೈತಿ. ಮೊದಲಿನ ಅರ್ಧದಷ್ಟು ರೊಟ್ಟಿ ಬಡೀತಾರ, ಮೆಸ್ಸಿನವ್ರಿಗೆ ಅಷ್ಟ ಕೊಡ್ತೀನಿ ಅಂತ ತಾವ ಹೇಳಿ ಬಂದಾರ. ಕಳದ ಪರೀಕ್ಷಾದಾಗ ಥೈರೊಗ್ಲೊಬುಲಿನ್ ಭಾಳ ಕಡಿಮಿ, ಕುತ್ತಿಗಿ ಸ್ಕ್ಯಾನ್ ಸ್ವಚ್ಛ.

ಬಾಕಿ ಇರೋದು ಎಲುಬಿನ ವಿಷಯ. ಮುಟ್ಟು ನಿಲ್ಲೋ ವಯಸ್ಸು ಹತ್ರ ಬಂದೈತಿ, ಟಿಎಸ್‌ಎಚ್ ಇನ್ನೂ ಕೆಲವು ವರ್ಷ ಕೆಳಗ ಇಡೋದೈತಿ, ಇವೆರಡೂ ಕೂಡಿದ್ರ ಎಲುಬು ಸವಿತಾವ, ಅದಕ್ಕ ಎಲುಬು ಎಷ್ಟು ಗಟ್ಟಿ ಐತಿ ಅಂತ ನೋಡೋ ಡೆಕ್ಸಾ ಸ್ಕ್ಯಾನ್ ಬಗ್ಗೆ ಡಾಕ್ಟರ್ ಜೋಡಿ ಮಾತಾಡ್ಯಾರ, ನಾವು ಭಾರ ಎತ್ತೋ ವ್ಯಾಯಾಮ ವಾರಕ್ಕ ಎರಡು ಸಲ ಕಾಯಂ ಮಾಡೀವಿ, ಒಂದು ಲೀಟರ್ ಬಾಟಲಿಯಿಂದ ಎರಡು ಲೀಟರಿಗೆ ಬಂದೈತಿ. ಮಳಿಗಾಲದಾಗ ಕೆರಿ ದಂಡಿ ಜಾರತೈತಿ, ಧಾರವಾಡದ ಜಿಟಿಜಿಟಿ ಮಳಿ ಹಿಡೀತಂದ್ರ ವಾರಗಟ್ಟಲೆ ಬಿಡಂಗಿಲ್ಲ, ಆ ದಿನಕ್ಕ ಓಣಿ ಗುಡಿ ಪೌಳಿ ಸುತ್ತ ನಡಿಯೋದು ಅಂತ ಇಬ್ರೂ ಗೆಳತ್ಯಾರು ಮಾತಾಡಿಕೊಂಡಾರ, ಪೂಜಾರಿಯವ್ರನ್ನೂ ಕೇಳಿ ಬಂದಾರ.